ಹಿತ್ತಲ ಗಿಡಕ್ಕೂ ನೀರೆರೆಯೋಣ

‘ಹಿತ್ತಲ ಗಿಡ ಮದ್ದಲ್ಲ’ ಎಂಬುದು ನಾವೆಲ್ಲರೂ ಬಲ್ಲ ಗಾದೆ. ಮನೆಯ ಹಿಂದೆ ತಾನಾಗಿ ಬೆಳೆದ ದೊಡ್ಡಪತ್ರೆಯನ್ನು ಮರೆತು, ಮಗುವಿಗೆ ಕೆಮ್ಮು ಬಂದೊಡನೆ ಪೇಟೆಯ ಔಷಧದಂಗಡಿಗೆ ಓಡುವ ನಮ್ಮ ಸ್ವಭಾವವನ್ನು ಹಿರಿಯರು ನಾಲ್ಕು ಮಾತಿನೊಳಗೆ ಹಿಡಿದಿಟ್ಟಿದ್ದಾರೆ. ಆಟೋಟಗಳ ವಿಷಯದಲ್ಲಿಯೂ ನಮ್ಮ ನಡತೆ ಇದಕ್ಕಿಂತ ಬೇರೆಯಲ್ಲ. ನಾನು ಆಟಗಾರನಲ್ಲ, ತರಬೇತುದಾರನೂ ಅಲ್ಲ. ಧಾರವಾಡದ ಮೈದಾನಗಳ ಅಂಚಿನಲ್ಲಿ, ಬೇವಿನ ಮರದ ನೆರಳಿನಲ್ಲಿ ಕುಳಿತು ಐವತ್ತು ವರ್ಷಗಳಿಂದ ಪಂದ್ಯಗಳನ್ನು ನೋಡುತ್ತ ಬಂದ ಒಬ್ಬ ಸಾಮಾನ್ಯ ಪ್ರೇಕ್ಷಕ. ಆ ಅಧಿಕಾರದಿಂದಲೇ ಈ ತಿಂಗಳು ಓದುಗ ಬಂಧುಗಳೊಡನೆ ಕೆಲವು ಮಾತು ಹಂಚಿಕೊಳ್ಳಬಯಸುತ್ತೇನೆ.

2025ರ ಜೂನ್ 3ರ ರಾತ್ರಿಯನ್ನು ನಮ್ಮ ನಾಡಿನ ಕ್ರಿಕೆಟ್ ಪ್ರೇಮಿಗಳು ಮರೆಯಲಾರರು. ಅಹಮದಾಬಾದಿನಲ್ಲಿ ನಡೆದ ಐ.ಪಿ.ಎಲ್. ಅಂತಿಮ ಪಂದ್ಯದಲ್ಲಿ ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡವು ಪಂಜಾಬ್ ಕಿಂಗ್ಸ್ ತಂಡವನ್ನು 6 ರನ್ನುಗಳಿಂದ ಸೋಲಿಸಿ ಮೊದಲ ಬಾರಿಗೆ ಪ್ರಶಸ್ತಿ ಗೆದ್ದಿತು. 2008ರಲ್ಲಿ ಲೀಗ್ ಆರಂಭವಾದ ದಿನದಿಂದ ಕಾಯುತ್ತ, ‘ಈ ಸಲ ಕಪ್ ನಮ್ದೆ’ ಎಂದು ಹೇಳುತ್ತ, ಪ್ರತಿ ವರ್ಷ ಸೋತು, ನೆರೆಹೊರೆಯವರ ನಗೆಗೆ ಗುರಿಯಾಗಿ, ಮತ್ತೆ ಮರುವರ್ಷ ಅದೇ ಮಾತನ್ನು ಹೇಳಿದವರ ತಾಳ್ಮೆಗೆ ಹದಿನೆಂಟನೆಯ ಆವೃತ್ತಿಯಲ್ಲಿ ಫಲ ದೊರೆಯಿತು. ನಮ್ಮ ಓಣಿಯಲ್ಲಿ ಮಧ್ಯರಾತ್ರಿಯಾದರೂ ಪಟಾಕಿ ನಿಲ್ಲಲಿಲ್ಲ. ಎದುರು ಮನೆಯವರು ನಿದ್ದೆಯಲ್ಲಿದ್ದ ನಮ್ಮನ್ನು ಎಬ್ಬಿಸಿ ಪೇಢೆ ಕೊಟ್ಟುಹೋದರು. ನಾನೂ ತಿಂದೆ, ನಾನೂ ಸಂತೋಷಪಟ್ಟೆ. ಇದರಲ್ಲಿ ಮುಚ್ಚಿಡುವುದೇನೂ ಇಲ್ಲ.

ಮರುದಿನ ಮಧ್ಯಾಹ್ನದ ಹೊತ್ತಿಗೆ ಆ ಸಿಹಿ ಕಹಿಯಾಯಿತು. ಬೆಂಗಳೂರಿನಲ್ಲಿ ವಿಜಯೋತ್ಸವವೆಂಬ ಸುದ್ದಿ ಹರಡಿ, ಸುಮಾರು ಮೂವತ್ತೈದು ಸಾವಿರ ಜನರಿಗಷ್ಟೇ ಸ್ಥಳವಿರುವ ಚಿನ್ನಸ್ವಾಮಿ ಕ್ರೀಡಾಂಗಣದತ್ತ ಲಕ್ಷಗಟ್ಟಲೆ ಜನ ಹರಿದು ಬಂದರು. ದ್ವಾರಗಳ ಬಳಿ ಉಂಟಾದ ಕಾಲ್ತುಳಿತದಲ್ಲಿ ಹನ್ನೊಂದು ಜನ ಪ್ರಾಣ ಕಳೆದುಕೊಂಡರು. ಹಲವಾರು ಜನ ಗಾಯಗೊಂಡರು. ಸತ್ತವರಲ್ಲಿ ಬಹುತೇಕರು ಎಳೆಯರು. ಕಾಲೇಜಿಗೆ ಹೋಗುವವರು, ಇನ್ನೂ ಶಾಲೆಯಲ್ಲಿ ಓದುವವರು ಅವರಲ್ಲಿದ್ದರು.

ನನ್ನ ಮಗಳ ಮಗ ಬೆಂಗಳೂರಿನಲ್ಲಿ ಓದುತ್ತಿದ್ದಾನೆ. ಅಂದು ಸಂಜೆ ಅವನಿಗೆ ನಾವು ಎಷ್ಟು ಸಲ ಫೋನು ಮಾಡಿದೆವೆಂಬುದಕ್ಕೆ ಲೆಕ್ಕವಿಲ್ಲ. ಮಗಳು ದೂರದರ್ಶನದ ಮುಂದೆ ಕುಳಿತವಳು ಎದ್ದೇಳಲಿಲ್ಲ, ಒಲೆ ಹೊತ್ತಲಿಲ್ಲ. ರಾತ್ರಿ ಒಂಬತ್ತರ ಸುಮಾರಿಗೆ ಅವನೇ ಫೋನು ಮಾಡಿದ. “ಅಜ್ಜಾ, ಚಲೋ ಅದೀನ್ರಿ. ಕಬ್ಬನ್ ಪಾರ್ಕಿನ ತನಕ ಹೋಗಿದ್ದೆ, ಗದ್ದಲ ನೋಡಿ ತಿರುಗಿ ಬಂದೆ. ಫೋನು ಹತ್ತಲಿಲ್ಲ, ಏನ್ ಮಾಡ್ಲಿ?” ಎಂದ. ಹುಡುಗನ ಧ್ವನಿ ಕೇಳಿದ ಮೇಲೆಯೇ ಮನೆಯಲ್ಲಿ ಉಸಿರು ತಿರುಗಿದ್ದು. ಆದರೆ ಹನ್ನೊಂದು ಮನೆಗಳಲ್ಲಿ ಆ ಫೋನು ಬರಲಿಲ್ಲ. ಮುಂದೆ ಸರ್ಕಾರ ನೇಮಿಸಿದ ವಿಚಾರಣಾ ಆಯೋಗವು ಅಷ್ಟು ದೊಡ್ಡ ಜನಸಂದಣಿಗೆ ಆ ಕ್ರೀಡಾಂಗಣ ಸುರಕ್ಷಿತವಲ್ಲವೆಂದು ಹೇಳಿತು. ಅದೇ ವರ್ಷದ ಮಹಿಳಾ ವಿಶ್ವಕಪ್ಪಿನಲ್ಲಿ ಬೆಂಗಳೂರಿಗೆ ನಿಗದಿಯಾಗಿದ್ದ ಪಂದ್ಯಗಳು ಬೇರೆ ಊರುಗಳಿಗೆ ಹೋದವು.

ತಪ್ಪು ಯಾರದೆಂಬ ಚರ್ಚೆ ಪತ್ರಿಕೆಗಳಲ್ಲಿ ಸಾಕಷ್ಟು ನಡೆದಿದೆ. ನನ್ನ ಪ್ರಶ್ನೆ ಬೇರೆ. ಒಂದು ತಂಡವನ್ನು ‘ನಮ್ಮದು’ ಎನ್ನುವಾಗ ನಾವು ಏನನ್ನು ಹೇಳುತ್ತಿದ್ದೇವೆ? ಅಷ್ಟು ಪ್ರೀತಿಯನ್ನು ನಾವು ಎಲ್ಲಿ ಸುರಿಯುತ್ತಿದ್ದೇವೆ, ಎಲ್ಲಿ ಒಂದು ಹನಿಯನ್ನೂ ಕೊಡುತ್ತಿಲ್ಲ?

ವೃತ್ತಿಪರ ಲೀಗಿನ ವ್ಯವಸ್ಥೆಯನ್ನು ಸ್ವಲ್ಪ ಗಮನಿಸೋಣ. ಅಲ್ಲಿ ತಂಡಕ್ಕೆ ಮಾಲೀಕರಿರುತ್ತಾರೆ, ಆಟಗಾರರನ್ನು ಹರಾಜಿನಲ್ಲಿ ಕೊಳ್ಳುತ್ತಾರೆ. 2025ರ ಆವೃತ್ತಿಗೆ ಪ್ರತಿ ತಂಡವೂ ಆಟಗಾರರಿಗಾಗಿ 120 ಕೋಟಿ ರೂಪಾಯಿಗಳವರೆಗೆ ವೆಚ್ಚ ಮಾಡಬಹುದಾಗಿತ್ತು. ತಂಡಕ್ಕೆ ಊರಿನ ಹೆಸರಿದ್ದರೂ ಆಟಗಾರರು ಆ ಊರಿನವರೇ ಆಗಿರಬೇಕೆಂಬ ನಿಯಮವಿಲ್ಲ. ಅಹಮದಾಬಾದಿನಲ್ಲಿ ಗೆದ್ದ ಹನ್ನೊಂದು ಜನರಲ್ಲಿ ಕರ್ನಾಟಕದ ಪರವಾಗಿ ರಣಜಿ ಆಡುತ್ತಿದ್ದವರು ಮಯಾಂಕ್ ಅಗರ್‌ವಾಲ್ ಒಬ್ಬರೇ. ಕಬಡ್ಡಿಯಲ್ಲಿಯೂ ಹೀಗೆಯೇ. 2014ರಲ್ಲಿ ಆರಂಭವಾದ ಪ್ರೊ ಕಬಡ್ಡಿ ಲೀಗಿನಲ್ಲಿ ಬೆಂಗಳೂರು ಬುಲ್ಸ್ ತಂಡವು 2019ರ ಜನವರಿ 5ರಂದು ಗುಜರಾತ್ ತಂಡವನ್ನು 38–33ರಿಂದ ಮಣಿಸಿ ಪ್ರಶಸ್ತಿ ಗೆದ್ದಾಗ, ಒಬ್ಬರೇ ಇಪ್ಪತ್ತೆರಡು ಅಂಕ ತಂದ ಪವನ್ ಸೆಹ್ರಾವತ್ ದೆಹಲಿಯ ಕಡೆಯವರು. ಅತ್ತ ನಮ್ಮ ಕರ್ನಾಟಕದವರೇ ಆದ ಬಿ.ಸಿ. ರಮೇಶ್ ಅವರ ತರಬೇತಿಯಲ್ಲಿ 2019ರ ಋತುವಿನಲ್ಲಿ ಬಂಗಾಳದ ತಂಡವೂ, 2024ರಲ್ಲಿ ಪುಣೆಯ ತಂಡವೂ ಪ್ರಶಸ್ತಿ ಗೆದ್ದವು. ಕನ್ನಡಿಗ ಗುರು ಪುಣೆಯವರನ್ನು ಗೆಲ್ಲಿಸುತ್ತಾರೆ. ದೆಹಲಿಯ ಹುಡುಗ ನಮ್ಮನ್ನು ಗೆಲ್ಲಿಸುತ್ತಾನೆ. ಹೀಗಿರುವಾಗ ನಾವು ಚಪ್ಪಾಳೆ ತಟ್ಟುವುದು ಯಾರಿಗೆ? ಅಂಗಿಯ ಬಣ್ಣಕ್ಕೋ, ಊರಿನ ಹೆಸರಿಗೋ?

ಆದರೆ ನ್ಯಾಯವಾಗಿ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ವಿರಾಟ್ ಕೊಹ್ಲಿ ದೆಹಲಿಯ ಹುಡುಗನಾಗಿ 2008ರಲ್ಲಿ ಬೆಂಗಳೂರಿಗೆ ಬಂದರು. ಹದಿನೆಂಟು ಆವೃತ್ತಿಗಳಲ್ಲಿ ಒಮ್ಮೆಯೂ ಬೇರೆ ತಂಡಕ್ಕೆ ಹೋಗಲಿಲ್ಲ. ಸೋತ ವರ್ಷಗಳಲ್ಲಿಯೂ ಇಲ್ಲಿಯೇ ನಿಂತವರು ನಮ್ಮವರಾಗದೆ ಮತ್ತಾರು? ಬೀಗತನವೂ ಒಂದೇ ದಿನದಲ್ಲಿ ಬೆಳೆಯುವುದಿಲ್ಲ. ಕಷ್ಟಸುಖಗಳಲ್ಲಿ ಜೊತೆಗಿದ್ದೇ ಅದು ಗಟ್ಟಿಯಾಗುತ್ತದೆ. ಲೀಗಿನಿಂದ ಆದ ಉಪಕಾರವೂ ಚಿಕ್ಕದಲ್ಲ. ಹಳ್ಳಿಯ ಮಣ್ಣಿನಲ್ಲಿ ತೊಡೆ ತಟ್ಟಿ ಆಡುತ್ತಿದ್ದ ಕಬಡ್ಡಿಯ ಆಟಗಾರನಿಗೆ ಇಂದು ಆಟದಿಂದಲೇ ಸಂಸಾರ ನಡೆಸಬಹುದಾದ ದಾರಿ ತೆರೆದಿದೆ. ಹೆಣ್ಣುಮಕ್ಕಳ ಕ್ರಿಕೆಟ್ ಲೀಗ್ 2023ರಲ್ಲಿ ಆರಂಭವಾಯಿತು. 2024ರ ಮಾರ್ಚ್ 17ರಂದು ದೆಹಲಿಯಲ್ಲಿ ಬೆಂಗಳೂರಿನ ಮಹಿಳೆಯರು ದೆಹಲಿ ತಂಡವನ್ನು 8 ವಿಕೆಟ್ಟುಗಳಿಂದ ಸೋಲಿಸಿ ಕಪ್ ತಂದರು. ಗಂಡಸರಿಗಿಂತ ಒಂದು ವರ್ಷ ಮೊದಲೇ ತಂದರೆಂಬುದನ್ನು ನಮ್ಮ ಮನೆಯ ಹೆಣ್ಣುಮಕ್ಕಳು ಈಗಲೂ ನೆನಪಿಸುತ್ತಿರುತ್ತಾರೆ! ಆ ಅಂತಿಮ ಪಂದ್ಯದಲ್ಲಿ ಕರ್ನಾಟಕದ ಶ್ರೇಯಾಂಕಾ ಪಾಟೀಲ 12 ರನ್ನಿಗೆ 4 ವಿಕೆಟ್ ಪಡೆದರು. ಅವರ ಚೆಂಡು ತಿರುಗಿದಾಗ ನಾಡಿನ ಎಷ್ಟು ಹುಡುಗಿಯರ ಮನಸ್ಸು ಮೈದಾನದತ್ತ ತಿರುಗಿತೋ ಬಲ್ಲವರಾರು? ಆದ್ದರಿಂದ ದೊಡ್ಡ ತಂಡಗಳನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಅವು ಪೇಟೆಯ ಔಷಧದಂತೆ. ಬೇಕು, ಗುಣವೂ ಇದೆ. ಹಿತ್ತಲ ಗಿಡ ಒಣಗುತ್ತಿದೆಯಲ್ಲ ಎಂಬುದಷ್ಟೇ ನನ್ನ ಅಳಲು.

ಹಿತ್ತಲ ಗಿಡವೆಂದರೆ ಯಾವುದು? ನಮ್ಮ ಕಾಲೇಜುಗಳ ಮೈದಾನ.

ಒಂದು ಹಳೆಯ ನೆನಪು. 1973ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂತು. ಅದೇ ಋತುವಿನಲ್ಲಿ, 1974ರಲ್ಲಿ, ರಣಜಿ ಟ್ರೋಫಿ ಮೊದಲ ಬಾರಿಗೆ ನಮ್ಮದಾಯಿತು. ಅದಕ್ಕೆ ಹಿಂದೆ ಮುಂಬಯಿ ತಂಡವು ಸತತವಾಗಿ ಹದಿನೈದು ವರ್ಷ ಗೆದ್ದಿತ್ತು. ಬೆಂಗಳೂರಿನ ಸೆಮಿಫೈನಲಿನಲ್ಲಿ ಜಿ.ಆರ್. ವಿಶ್ವನಾಥ್ ಮತ್ತು ಬ್ರಿಜೇಶ್ ಪಟೇಲ್ ಶತಕ ಬಾರಿಸಿದರು. ಪ್ರಸನ್ನ ಮತ್ತು ಚಂದ್ರಶೇಖರ್ ಅವರ ಸ್ಪಿನ್ ಬೌಲಿಂಗಿನ ಮುಂದೆ ಮುಂಬಯಿಯ ಕೋಟೆ ಕುಸಿಯಿತು. ನಾನಾಗ ಕಾಲೇಜು ವಿದ್ಯಾರ್ಥಿ. ಹಾಸ್ಟೆಲಿನ ಒಂದೇ ಒಂದು ರೇಡಿಯೋದ ಸುತ್ತ ಇಪ್ಪತ್ತು ಜನ ಕಿವಿ ಹಚ್ಚಿ ಕುಳಿತಿದ್ದೆವು. ಹೊಸ ಹೆಸರು ಹೊತ್ತ ನಾಡು ಗೆದ್ದಿತೆಂಬ ಹೆಮ್ಮೆಯಿಂದ ನಮಗೆ ಅಂದು ಊಟ ರುಚಿಸಲಿಲ್ಲ, ನಿದ್ದೆ ಬರಲಿಲ್ಲ.

ಆ ತಂಡದ ನಾಯಕ ಎರಪಳ್ಳಿ ಪ್ರಸನ್ನರ ಜೀವನವನ್ನು ತಾಯಿ ತಂದೆಯರು ಮಕ್ಕಳಿಗೆ ಹೇಳಬೇಕು. ಮೈಸೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ಈ ಹುಡುಗ 1962ರ ಜನವರಿಯಲ್ಲಿ ಭಾರತಕ್ಕೆ ಟೆಸ್ಟ್ ಆಡಿದರು. ಅದೇ ವರ್ಷ ವೆಸ್ಟ್ ಇಂಡೀಸಿಗೂ ಹೋಗಿಬಂದರು. ಬಳಿಕ ತಂದೆಯವರ ನಿಧನ, ಮನೆಯ ಭಾರ. ಅವರು ಓದನ್ನು ಪೂರೈಸುವ ನಿರ್ಧಾರ ಮಾಡಿದರು. ಮುಂದಿನ ಟೆಸ್ಟ್ ಆಡಿದ್ದು 1967ರಲ್ಲಿ. ಐದು ವರ್ಷ! ಬೆರಳಿನ ಹದ ತಪ್ಪಲು ಐದು ತಿಂಗಳೇ ಸಾಕಲ್ಲವೇ? ಆದರೂ ಹಿಂದಿರುಗಿ ಒಟ್ಟು 49 ಟೆಸ್ಟುಗಳಲ್ಲಿ 189 ವಿಕೆಟ್ ಪಡೆದು, ಜಗತ್ತು ಕಂಡ ಶ್ರೇಷ್ಠ ಆಫ್ ಸ್ಪಿನ್ನರುಗಳಲ್ಲಿ ಒಬ್ಬರೆನಿಸಿದರು.

ಅವರ ನಂತರದ ತಲೆಮಾರಿನಲ್ಲಿ ಮೈಸೂರಿನ ಜಾವಗಲ್ ಶ್ರೀನಾಥ್, ಬೆಂಗಳೂರಿನ ಅನಿಲ್ ಕುಂಬ್ಳೆ ಇಬ್ಬರೂ ಎಂಜಿನಿಯರಿಂಗ್ ಪದವೀಧರರೇ. 1999ರ ಫೆಬ್ರುವರಿ 7ರಂದು ದೆಹಲಿಯಲ್ಲಿ ಪಾಕಿಸ್ತಾನದ ವಿರುದ್ಧ ಕುಂಬ್ಳೆ ಒಂದೇ ಇನ್ನಿಂಗ್ಸಿನ ಹತ್ತೂ ವಿಕೆಟ್ಟುಗಳನ್ನು 74 ರನ್ನಿಗೆ ಪಡೆದರು. ಒಂಬತ್ತು ಬಿದ್ದ ಮೇಲೆ ಇನ್ನೊಂದು ತುದಿಯಿಂದ ಬೌಲ್ ಮಾಡುತ್ತಿದ್ದ ಶ್ರೀನಾಥ್, ಹತ್ತನೆಯದು ಗೆಳೆಯನಿಗೇ ಸಿಗಲೆಂದು ಚೆಂಡನ್ನು ಬೇಕೆಂದೇ ಸ್ಟಂಪಿನಿಂದ ದೂರಕ್ಕೆ ಎಸೆದರು. ನನ್ನ ದೃಷ್ಟಿಯಲ್ಲಿ ಆ ಓವರು ಹತ್ತು ವಿಕೆಟ್ಟಿಗಿಂತ ಕಡಿಮೆಯಲ್ಲ. ತನಗೆ ಸಿಗಬಹುದಾದುದನ್ನು ಕೈಬಿಡುವ ಗುಣವನ್ನು ಯಾವ ಹರಾಜಿನಲ್ಲಿಯೂ ಕೊಳ್ಳಲಾಗದು. ಸಣ್ಣ ಮೈದಾನಗಳಲ್ಲಿ, ಜೊತೆಗೆ ಉಂಡು ಜೊತೆಗೆ ಸೋತ ಸಹಪಾಠಿಗಳ ನಡುವೆ ಅದು ಬೆಳೆಯುತ್ತದೆ.

ನಮ್ಮ ಉತ್ತರ ಕರ್ನಾಟಕದ ಮಾತನ್ನೂ ಬಿಡಬಾರದು. ಗದಗಿನ ಸುನೀಲ್ ಜೋಶಿ ಹುಡುಗನಾಗಿದ್ದಾಗ ಅಭ್ಯಾಸಕ್ಕಾಗಿ ಗದಗಿನಿಂದ ಹುಬ್ಬಳ್ಳಿಗೆ ಬೆಳಗಿನಲ್ಲಿ ಹೋಗಿ, ಶಾಲೆಯ ಹೊತ್ತಿಗೆ ಹಿಂದಿರುಗುತ್ತಿದ್ದರು. ಅವರು 1996ರಲ್ಲಿ ಟೆಸ್ಟ್ ಆಟಗಾರರಾದರು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ವಿರುದ್ಧ ಹತ್ತು ಓವರುಗಳಲ್ಲಿ ಆರು ಮೇಡನ್, ಆರೇ ರನ್ನು, ಐದು ವಿಕೆಟ್! ಆ ಸಂಜೆ ಗದಗ-ಬೆಟಗೇರಿಯವರ ಎದೆ ಎಷ್ಟು ಅಗಲವಾಗಿರಬೇಕು!

ಈಗ ಇಂದಿನ ಕಾಲೇಜು ಮೈದಾನಕ್ಕೆ ಬರೋಣ. ಕಾಲೇಜು ತಂಡಗಳ ನಡುವೆ ಅಂತರ ಕಾಲೇಜು ಪಂದ್ಯಗಳು ನಡೆಯುತ್ತವೆ. ಅಲ್ಲಿ ಚೆನ್ನಾಗಿ ಆಡಿದವರನ್ನು ವಿಶ್ವವಿದ್ಯಾಲಯದ ತಂಡಕ್ಕೆ ಆರಿಸುತ್ತಾರೆ. ಹಾಗೆ ಆಯ್ಕೆಯಾದವರಿಗೆ ‘ಯೂನಿವರ್ಸಿಟಿ ಬ್ಲೂ’ ಎಂಬ ಗೌರವ. ಆಮೇಲೆ ವಲಯ ಮಟ್ಟದ, ಅಖಿಲ ಭಾರತ ಮಟ್ಟದ ಅಂತರ ವಿಶ್ವವಿದ್ಯಾಲಯ ಪಂದ್ಯಗಳು. ಕ್ರಿಕೆಟ್ಟಿನಲ್ಲಿ ಇದಕ್ಕಾಗಿ ರೋಹಿಂಟನ್ ಬಾರಿಯಾ ಟ್ರೋಫಿ 1935ರಿಂದಲೂ ಇದೆ. 2022ರ ಏಪ್ರಿಲ್–ಮೇ ತಿಂಗಳಲ್ಲಿ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ ಬೆಂಗಳೂರಿನಲ್ಲಿಯೇ ನಡೆಯಿತು. ಮೂಡುಬಿದಿರೆಯಂಥ ಚಿಕ್ಕ ಊರು ಅಥ್ಲೆಟಿಕ್ಸಿನಲ್ಲಿ ದೇಶದ ವಿಶ್ವವಿದ್ಯಾಲಯಗಳೆಲ್ಲ ತಿರುಗಿ ನೋಡುವಂತೆ ಮಾಡಿದೆ. ವ್ಯವಸ್ಥೆ ಇಲ್ಲವೆಂದಲ್ಲ, ನೋಡುವವರಿಲ್ಲ.

ನನ್ನ ತಂಗಿಯ ಮೊಮ್ಮಗಳು ಬಿ.ಎ. ಎರಡನೆಯ ವರ್ಷದಲ್ಲಿದ್ದಾಳೆ. ಕಾಲೇಜಿನ ಕಬಡ್ಡಿ ತಂಡದಲ್ಲಿ ದಾಳಿಗಾರ್ತಿ. ಕಳೆದ ವರ್ಷ ಅವಳ ಮೊಣಕಾಲಿಗೆ ಪೆಟ್ಟು ಬಿದ್ದು ಮೂರು ವಾರ ಮಲಗಿದ್ದಳು. ಆಂತರಿಕ ಪರೀಕ್ಷೆಯೊಂದು ತಪ್ಪಿತು. ಅವಳ ತಂದೆ, ಅಂದರೆ ನನ್ನ ತಂಗಿಯ ಮಗ, ನಮ್ಮ ಮನೆಗೆ ಬಂದು ಚಿಂತೆಯಿಂದ ಕುಳಿತ. “ಮಾವಾ, ಆಟದಾಗ ಹೊಟ್ಟಿ ತುಂಬತದೇನ್ರಿ? ನಾಳೆ ಕಾಲು ನೆಟ್ಟಗಾಗಲಿಲ್ಲಂದ್ರ ಯಾರು ಕೇಳ್ತಾರ? ನೀವರ ಆಕಿಗೆ ಬುದ್ಧಿ ಹೇಳ್ರಿ” ಎಂದ.

ನಾನು ಸುಳ್ಳು ಸಮಾಧಾನ ಹೇಳಲಿಲ್ಲ. ಆಟದಿಂದ ಎಲ್ಲರ ಹೊಟ್ಟೆಯೂ ತುಂಬುವುದಿಲ್ಲ. ನೂರಾರು ಕಾಲೇಜುಗಳಲ್ಲಿ ಆಡುವ ಸಾವಿರಾರು ಮಕ್ಕಳಲ್ಲಿ ಲೀಗಿನ ಹರಾಜಿಗೆ ತಲುಪುವವರು ಬೆರಳೆಣಿಕೆಯ ಜನ. ಕ್ರೀಡಾ ಮೀಸಲಾತಿಯಲ್ಲಿ ರೈಲ್ವೆ, ಪೊಲೀಸು, ಬ್ಯಾಂಕುಗಳಲ್ಲಿ ನೌಕರಿ ಸಿಗುವುದುಂಟು. ಅದೂ ಕೆಲವರಿಗೆ ಮಾತ್ರ. ತಂದೆಯ ಭಯ ಸುಳ್ಳಲ್ಲ. ಆದರೆ ನಾನು ಅವನಿಗೆ ಒಂದು ಪ್ರಶ್ನೆ ಕೇಳಿದೆ: “ನೀ ಆಕಿ ಆಟ ಒಮ್ಮೆರ ನೋಡೀಯೇನಪಾ?” ಅವನು ತಲೆ ತಗ್ಗಿಸಿದ. ಬೆಂಗಳೂರು ತಂಡದ ಎಲ್ಲ ಪಂದ್ಯಗಳನ್ನು ರಾತ್ರಿ ಹನ್ನೊಂದರವರೆಗೆ ಕುಳಿತು ನೋಡಿದ ತಂದೆ, ಮನೆಯಿಂದ ಎರಡು ಮೈಲಿಯಾಚೆ ತನ್ನ ಮಗಳೇ ಆಡುವುದನ್ನು ಒಂದು ಸಲವೂ ನೋಡಿರಲಿಲ್ಲ. ಬೈಯಲು ನನಗೂ ಬಾಯಿ ಬರಲಿಲ್ಲ. ಇದೇ ಊರಿನಲ್ಲಿದ್ದೂ ನಾನೆಷ್ಟು ಸಲ ಹೋಗಿದ್ದೆ?

ಮುಂದಿನ ಅಂತರ ಕಾಲೇಜು ಪಂದ್ಯಕ್ಕೆ ಇಬ್ಬರೂ ಹೋದೆವು. ಪ್ರೇಕ್ಷಕರನ್ನು ಎಣಿಸಿದೆ: ನಲವತ್ಮೂರು. ಅದರಲ್ಲಿ ಎದುರು ತಂಡದ ಹುಡುಗಿಯರೇ ಹನ್ನೆರಡು. ದೈಹಿಕ ಶಿಕ್ಷಣ ನಿರ್ದೇಶಕರು ತಾವೇ ಸುಣ್ಣದ ಗೆರೆ ಎಳೆದು, ತಾವೇ ನೀರಿನ ಕೊಡ ಹೊತ್ತು ತಂದಿದ್ದರು. ಹುಡುಗಿ ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು ದಾಳಿಗೆ ಹೋದಳು. ಮೂವತ್ತು ಸೆಕೆಂಡಿನ ಒಂದು ದಾಳಿ, ಒಂದೇ ಉಸಿರು. ಎದುರಿಗೆ ಆರು ಜನ ಕೈಕೈ ಹಿಡಿದು ನಿಂತಿದ್ದಾರೆ. ಎರಡು ಸಲ ಮುಟ್ಟಿ ಬಂದಳು. ಮೂರನೆಯ ಸಲ ಹಿಡಿದು ಕೆಡವಿದರು. ಅವಳ ತಂದೆ ನನ್ನ ಮೊಣಕೈ ಹಿಡಿದದ್ದು ಬಿಡಲೇ ಇಲ್ಲ. ಅವನ ಬೆರಳಿನ ಗುರುತು ರಾತ್ರಿಯವರೆಗೆ ಇತ್ತು. ಕೊನೆಗೆ ನಾಲ್ಕು ಅಂಕಗಳಿಂದ ನಮ್ಮವರು ಸೋತರು. ಹುಡುಗಿ ಎದುರು ತಂಡದವರ ಕೈ ಕುಲುಕಿ, ಮಣ್ಣು ಒರೆಸಿಕೊಂಡು ನಮ್ಮ ಬಳಿ ಬಂದು, “ಅಪ್ಪಾ, ನೀವೂ ಬಂದೀರಿ?” ಎಂದಳು. ಸೋತ ದುಃಖಕ್ಕಿಂತ ಆ ಬೆರಗೇ ಅವಳ ಮುಖದಲ್ಲಿ ದೊಡ್ಡದಾಗಿತ್ತು.

ಮನೆಗೆ ಬರುವ ದಾರಿಯಲ್ಲಿ ತಂದೆ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಮಗಳಿಗೆ ಹೇಳಿದ: “ಓದೂ ಬಿಡಬಾರದು. ಕಾಲು ದೊಡ್ಡ ಡಾಕ್ಟರಿಗೆ ತೋರಿಸಿಕೊಂಡು ಬರೋಣು. ಆಮ್ಯಾಲೆ ಆಡುವಂತಿ.” ಆಟ ಬಿಡು ಎನ್ನಲಿಲ್ಲ. ನೋಡದೆ ಇದ್ದವನಿಗೆ ಭಯ ಮಾತ್ರ ಇತ್ತು. ನೋಡಿದ ಮೇಲೆ ಭಯದ ಜೊತೆಗೆ ಗೌರವವೂ ಸೇರಿತು. ಇಷ್ಟು ಬದಲಾಗಲು ಒಂದು ಮಧ್ಯಾಹ್ನ ಸಾಕಾಯಿತು.

ನಮ್ಮ ಕುಟುಂಬಗಳಲ್ಲಿ ಮಾಡಬಹುದಾದ ಕೆಲವು ಸುಲಭದ ಕೆಲಸಗಳನ್ನು ಸೂಚಿಸುತ್ತೇನೆ. ವರ್ಷಕ್ಕೆ ಎರಡು ಸಲವಾದರೂ ಮನೆಮಂದಿಯೆಲ್ಲ ಊರಿನ ಕಾಲೇಜಿನ ಪಂದ್ಯ ನೋಡಲು ಹೋಗೋಣ. ಟಿಕೆಟ್ಟಿಲ್ಲ, ನೂಕುನುಗ್ಗಲಿಲ್ಲ, ಬುತ್ತಿ ಕಟ್ಟಿಕೊಂಡು ಹೋದರೆ ಅದೇ ಒಂದು ಹಬ್ಬ. ಆಡುವ ಮಗ ಮಗಳಿದ್ದರೆ ‘ಆಟ ಬಿಡು’ ಎನ್ನುವ ಮೊದಲು ಒಮ್ಮೆ ಅವರ ಆಟ ನೋಡೋಣ; ಗಾಯವಾದರೆ ಎಣ್ಣೆ ತಿಕ್ಕಿ ಸುಮ್ಮನಾಗದೆ ವೈದ್ಯರಿಗೆ ತೋರಿಸೋಣ; ಓದಿಗೂ ಆಟಕ್ಕೂ ವೈರವಿಲ್ಲವೆಂಬುದಕ್ಕೆ ಪ್ರಸನ್ನರ ಐದು ವರ್ಷಗಳನ್ನು ನೆನಪಿಸೋಣ. ಪಂದ್ಯಕ್ಕೆ ಹೋದ ಮಕ್ಕಳ ಹಾಜರಿ, ಪರೀಕ್ಷೆಗಳ ವಿಷಯದಲ್ಲಿ ನ್ಯಾಯ ದೊರೆಯುವಂತೆ ಕಾಲೇಜಿನವರನ್ನು ಕೇಳುವುದು ಪಾಲಕರ ಹಕ್ಕು. ಊರಿನ ಸಿರಿವಂತರು ಜಾತ್ರೆಯ ಫಲಕಗಳಲ್ಲಿ ಹೆಸರು ಹಾಕಿಸುವಾಗ, ಒಂದು ಕಾಲೇಜು ತಂಡಕ್ಕೆ ಬೂಟು, ಚೆಂಡು, ಮೊಣಕಾಲಿನ ಪಟ್ಟಿ ಕೊಡಿಸುವುದನ್ನೂ ನೆನೆಯಲಿ.

ದೊಡ್ಡ ತಂಡಗಳನ್ನು ಪ್ರೀತಿಸೋಣ, ಆದರೆ ಆ ಪ್ರೀತಿಗೆ ಒಂದು ಅಂಕೆಯಿರಲಿ. ವಿಜಯೋತ್ಸವವನ್ನು ಮನೆಯಿಂದಲೇ ನೋಡಿದರೆ ಸಂತೋಷ ಕಡಿಮೆಯಾಗುವುದಿಲ್ಲ. ಮಕ್ಕಳು ನೆರವಿಗೆ ಹೋಗುವುದಾದರೆ ಎಲ್ಲಿ, ಯಾರೊಡನೆ, ತಿರುಗಿ ಬರುವ ದಾರಿ ಯಾವುದು ಎಂದು ಕೇಳುವುದರಲ್ಲಿ ಹಿರಿಯರು ಸಂಕೋಚಪಡಬಾರದು. ಜೂನ್ 4ರಂದು ಮನೆಗೆ ತಿರುಗಿ ಬಾರದ ಹನ್ನೊಂದು ಮಂದಿ ತಂಡವೊಂದನ್ನು ‘ನಮ್ಮದು’ ಎಂದು ನಂಬಿ ಹೋದವರು. ಅವರ ನೆನಪಿಗೆ ನಾವು ಮಾಡಬಹುದಾದ ಸೇವೆಯೆಂದರೆ, ನಂಬಿ ಬಂದ ಜನರಿಗೆ ಒಳಬರುವ ದಾರಿ ಹೊರಹೋಗುವ ದಾರಿ ಎರಡನ್ನೂ ಸರಿಯಾಗಿ ಮಾಡಿಕೊಡಿರೆಂದು ಪ್ರತಿ ಉತ್ಸವದಲ್ಲಿಯೂ ಕೇಳುವುದು.

ಕೊನೆಗೊಂದು ಸುದ್ದಿ. ಬೆಂಗಳೂರಿನಿಂದ ಬಂದ ಮೊಮ್ಮಗ ರಜೆಯಲ್ಲಿ ನಮ್ಮೊಡನೆ ತಂಗಿಯ ಆಟ ನೋಡಲು ಬಂದಿದ್ದ. ಅಂದು ಪ್ರೇಕ್ಷಕರು ಅರವತ್ತು ದಾಟಿದ್ದರು. ಓದುಗ ಬಂಧುಗಳು ತಮ್ಮ ತಮ್ಮ ಊರುಗಳಲ್ಲಿ ನಾಲ್ಕು ನಾಲ್ಕು ಜನ ಹೋದರೆ ಆ ಲೆಕ್ಕ ಎಷ್ಟಾದೀತು! ಹಿತ್ತಲ ಗಿಡ ಮದ್ದೋ ಅಲ್ಲವೋ, ಮೊದಲು ಒಂದು ಕೊಡ ನೀರೆರೆದು ನೋಡೋಣ.